ಭಾವ ಓದಿದ ಫ್ರೆಂಚ್ ಕಾದಂಬರಿ

ನನ್ನ ಜೀವಮಾನದಲ್ಲಿ ನಾನು ಒಂದೇ ಒಂದು ಸಿನಿಮಾಕ್ಕೆ ಸಂಭಾಷಣೆ ಬರೆದೆ. ಅದರ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಪ್ರಿಂಟು ಎಲ್ಲಿದೆಯೋ, ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಯಾವುದೋ ಗೋಡೌನಿನಲ್ಲಿ ಬಿದ್ದು ಹಾಳಾಗಿದ್ದರೆ ಮೊದಲು ಸಂತೋಷಪಡುವವನು ನಾನೇ. ಆ ಸಿನಿಮಾದ ಒಂದು ಮಾತನ್ನು ಆಗ ಪತ್ರಿಕೆಯವರು ಎತ್ತಿ ಬರೆದು, ಹೆಣ್ಣಿನ ಮನಸ್ಸು ಬಲ್ಲ ಲೇಖಕ ಎಂದು ನನ್ನನ್ನು ಹೊಗಳಿದ್ದರು. ನಾನು ಯಾರ ಮನಸ್ಸನ್ನೂ ಬಲ್ಲವನಾಗಿರಲಿಲ್ಲ. ಆ ಮಾತು ನನ್ನ ಅಕ್ಕನದು. ಅಡುಗೆಮನೆಯಲ್ಲಿ ಕೂತು ನನ್ನೊಬ್ಬನ ಹತ್ತಿರ ಆಡಿದ್ದು. ಅದನ್ನು ನಾನು ಊರಿಗೆಲ್ಲ ಕೇಳಿಸಿದೆ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದವಳನ್ನು ಕೊನೆಯ ವರ್ಷದ ಪರೀಕ್ಷೆಗೂ ಬಿಡದೆ ಬಾಳೂರಿನ ಕಾಫಿ ಬೆಳೆಗಾರರೊಬ್ಬರಿಗೆ ಕೊಟ್ಟು ಮದುವೆ ಮಾಡಿದರು. ಒಳ್ಳೆಯ ಸಂಬಂಧ ಎಂದು ಎಲ್ಲರೂ ಒಪ್ಪಿದ್ದರು. ಕೆಟ್ಟ ಸಂಬಂಧ ಎಂದು ನಾನು ಇವತ್ತಿಗೂ ಹೇಳಲಾರೆ. ಭಾವ ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಆಳುಗಳ ಮೇಲೆ ರೇಗುತ್ತಿರಲಿಲ್ಲ. ಕಷ್ಟವೆಂದರೆ ತೋಟದ ವಿಷಯ ಬಿಟ್ಟು ಬೇರೆ ಏನಕ್ಕೂ ಅವರು ಬಾಯಿ ತೆರೆಯುತ್ತಿರಲಿಲ್ಲ. ಮಗಳನ್ನು ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿಗೆ ಸೇರಿಸಿದ ಮೇಲೆ ಆ ಬಂಗಲೆಯಲ್ಲಿ ಅಕ್ಕನ ಮಾತಿಗೆ ಸಿಗುತ್ತಿದ್ದವನು ತಿಂಗಳಿಗೊಮ್ಮೆ ಹೋಗುತ್ತಿದ್ದ ನಾನೊಬ್ಬನೇ.

ನಾನು ಆಗ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಎಪ್ಪತ್ತರ ದಶಕದ ಕೊನೆ. ಮದುವೆಯಾಗಿರಲಿಲ್ಲ. ಎರಡನೇ ಶನಿವಾರ ಬಂತೆಂದರೆ ಲೈಬ್ರರಿಯಿಂದ ನಾಲ್ಕು ಕಾದಂಬರಿ ತಂದು ಚೀಲಕ್ಕೆ ತುಂಬಿ ಬಸ್ಸು ಹತ್ತುತ್ತಿದ್ದೆ. ವಸ್ತಾರೆ ದಾಟುವಷ್ಟರಲ್ಲಿ ನಿದ್ದೆ, ಮೂಡಿಗೆರೆಯಲ್ಲಿ ಬಸ್ಸು ಬದಲಾವಣೆ, ಬಾಳೂರಿನಲ್ಲಿ ಇಳಿದರೆ ಭಾವನ ಜೀಪು. ಅಕ್ಕ ಮೊದಲು ಪುಸ್ತಕ ಇಸಿದುಕೊಳ್ಳುವಳು, ಆಮೇಲೆ ಕಾಫಿ ಕೊಡುವಳು, ಆಮೇಲೆ ಮಾತಿಗೆ ಶುರು ಮಾಡಿದರೆ ಭಾನುವಾರ ಮಧ್ಯಾಹ್ನ ನಾನು ಚೀಲ ಹೆಗಲಿಗೇರಿಸುವ ತನಕ ನಿಲ್ಲಿಸುತ್ತಿರಲಿಲ್ಲ. ನಗಿಸುತ್ತಿದ್ದಳು ಕೂಡ. ನೆರೆತೋಟದ ಹೆಂಗಸರ ನಡೆ, ತೋಟದ ಲೆಕ್ಕ ಬರೆಯುವ ರೈಟರ್ ಇಂಗ್ಲಿಷಿನಲ್ಲಿ ಬರೆದ ರಜಾ ಅರ್ಜಿ, ಮೇಸ್ತ್ರಿ ಹೆಂಡತಿಯ ಕೋಪ, ಎಲ್ಲವನ್ನೂ ಅವರವರ ದನಿಯಲ್ಲೇ ಹೇಳಿ ತೋರಿಸುವಳು. ತನ್ನ ವಿಷಯವನ್ನು ಮಾತ್ರ ಅಪರೂಪಕ್ಕೊಮ್ಮೆ, ಬೇರೆ ಯಾವುದೋ ಮಾತಿನ ನಡುವೆ ಹೇಳಿಬಿಟ್ಟು ಮುಂದೆ ಹೋಗುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಹಳೆಯ ಸಹಪಾಠಿಯೊಬ್ಬ ಬಂದ. ಪುಣೆಯಲ್ಲಿ ಸಿನಿಮಾ ಕಲಿತು, ಗಡ್ಡ ಬಿಟ್ಟುಕೊಂಡು, ಖಾದಿ ಜುಬ್ಬ ಹಾಕಿಕೊಂಡು ಬಂದಿದ್ದ. ಆಗ ಕನ್ನಡದಲ್ಲಿ ಹಾಡು ಕುಣಿತ ಇಲ್ಲದ ಸಿನಿಮಾಗಳ ಹವಾ. ಅವನ ಕೈಯಲ್ಲಿ ಒಂದು ದಪ್ಪ ಫ್ರೆಂಚ್ ಕಾದಂಬರಿಯ ಇಂಗ್ಲಿಷ್ ಅನುವಾದವಿತ್ತು. ಹತ್ತೊಂಬತ್ತನೇ ಶತಮಾನದ್ದು. ಒಂದು ಸಣ್ಣ ಊರು, ಒಬ್ಬ ಸಾಧು ಗಂಡ, ಅವನ ಜೊತೆ ಬದುಕಿ ಬದುಕಿ ಬೇಸತ್ತ ಹೆಂಡತಿ. ಕಥೆ ಇಷ್ಟೇ, ಆದರೆ ಬರೆದ ಪುಣ್ಯಾತ್ಮ ಬೇಸರವನ್ನು ಪುಟಗಟ್ಟಲೆ ಬರೆದೂ ಓದುವವನಿಗೆ ಬೇಸರ ಬರಿಸಿರಲಿಲ್ಲ. "ಇದನ್ನ ನಿಮ್ಮ ಕಾಫಿ ತೋಟಕ್ಕೆ ತರೋಣ, ಮಾತು ನೀನು ಬರಿ" ಅಂದ ನನ್ನ ಸ್ನೇಹಿತ. ಸಿನಿಮಾಕ್ಕೆ ಬರೆಯುತ್ತೇನೆ ಎನ್ನುವ ಮಾತೇ ನನ್ನ ತಲೆಗೇರಿತು.

ಚಳಿಗಾಲವಿಡೀ ಬರೆದೆ. ಅಲ್ಲಿಯ ಸಾರೋಟು ಇಲ್ಲಿ ಜೀಪಾಯಿತು, ಅಲ್ಲಿಯ ನೃತ್ಯಕೂಟ ಇಲ್ಲಿ ಬೆಳೆಗಾರರ ಕ್ಲಬ್ಬಿನ ವಾರ್ಷಿಕೋತ್ಸವವಾಯಿತು. ಗಂಡನ ಮಾತು ಸಲೀಸಾಗಿ ಬಂತು, ಅವನು ಆಡುವುದೇ ಕಡಿಮೆ. ಹೆಂಡತಿ ಮಾತ್ರ ಬಾಯಿ ಬಿಟ್ಟರೆ ಪಾಠ ಹೇಳುತ್ತಿದ್ದಳು. "ನನ್ನ ಅಂತರಂಗದ ಶೂನ್ಯ" ಎಂದು ಒಂದು ಕಡೆ ಬರೆದಿದ್ದೆ ಎಂದರೆ ಮಿಕ್ಕಿದ್ದನ್ನು ನೀವೇ ಊಹಿಸಿ. ನಿರ್ದೇಶಕ ಆ ಹಾಳೆಯನ್ನು ಜೋರಾಗಿ ಓದಿ ನನ್ನ ಮುಖ ನೋಡಿದ.

"ಇವಳು ಕಾಫಿ ತೋಟದ ಹೆಂಗಸಾ, ಕಾಲೇಜಿನ ಲೆಕ್ಚರರಾ?" ಅಂದ. "ಗಂಡನ ಮನೇಲಿ ಬೇಜಾರಾದ ಹೆಂಗಸು ಹೆಂಗೆ ಮಾತಾಡ್ತಾಳೆ ಅಂತ ನೀನು ಕೇಳೇ ಇಲ್ವಾ?"

ಕೇಳಿದ್ದೆ. ತಿಂಗಳು ತಿಂಗಳು ಕೇಳುತ್ತಲೇ ಇದ್ದೆ. ಅಲ್ಲಿಯ ತನಕ ಅದು ನನ್ನ ಅಕ್ಕನ ಮಾತಾಗಿತ್ತು, ಅವನು ಹಾಗೆ ಅಂದ ಕ್ಷಣದಿಂದ ಸಾಮಗ್ರಿಯಾಯಿತು.

ಮಾರ್ಚ್ ತಿಂಗಳಲ್ಲಿ ಬಾಳೂರಿಗೆ ಹೋದೆ. ಹೂಮಳೆ ಬಿದ್ದು ವಾರವಾಗಿತ್ತು, ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು. ಕಾಫಿ ಬೆಳೆಗಾರರಿಗೆ ಆ ಒಂದು ಮಳೆ ಸರಿಯಾಗಿ ಬಿದ್ದರೆ ವರ್ಷ ನೆಟ್ಟಗಾದಂತೆ. ನಮ್ಮ ಕಡೆ ಪ್ರತಿ ತೋಟದ ಅಂಗಳದಲ್ಲೂ ಮಳೆ ಅಳೆಯುವ ಒಂದು ರೇನ್‌ಗೇಜ್ ಇರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಯಜಮಾನ ಅದರ ನೀರನ್ನು ಗಾಜಿನ ಜಾರಿಗೆ ಸುರಿದು, ಇಂಚಿಗೆ ನೂರು ಸೆಂಟಿನ ಲೆಕ್ಕದಲ್ಲಿ ಎಷ್ಟು ಇಂಚು ಎಷ್ಟು ಸೆಂಟು ಎಂದು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಆಳಿನ ಕೈಗೆ ಕೊಡುವ ಕೆಲಸವಲ್ಲ ಅದು. ಮದುವೆ ಮನೆಯಲ್ಲಿ ಸಿಕ್ಕರೂ ಸಾವಿನ ಮನೆಯಲ್ಲಿ ಸಿಕ್ಕರೂ ಒಬ್ಬರನ್ನೊಬ್ಬರು ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಬಿತ್ತು?" ಎಂದೇ. ಭಾವನ ಮನೆಯಲ್ಲಿ ಅವರ ಅಪ್ಪನ ಕಾಲದಿಂದ ಬರೆದಿಟ್ಟ ಪುಸ್ತಕಗಳಿದ್ದವು. ತಾವು ಮದುವೆಯಾದ ದಿನ ಎಷ್ಟು ಮಳೆ ಎಂದು ಕೇಳಿದರೆ ಹೇಳುತ್ತಿದ್ದರು.

ಆ ದಿನ ಅಕ್ಕ ಅಡುಗೆಮನೆಯಲ್ಲಿ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತಿದ್ದೆ. ನನ್ನ ಸಿನಿಮಾದ ಕಥೆ ಕೇಳಿದಳು, ಹೇಳಿದೆ.

"ಕೊನೆಗೆ ಅವಳು ಎಂತ ಆಗ್ತಾಳೆ?" ಅಂದಳು.

"ಸಾಯ್ತಾಳೆ."

ಅಕ್ಕ ನಕ್ಕಳು. "ಬರೆಯೋರಿಗೆ ಅದೇ ಸುಲಭ ಅಲ್ವನಾ ಮಾರಾಯ. ಬದುಕ್ಸಿದ್ರೆ ಮಾರನೇ ದಿನ ಅವಳು ಎಂತ ತಿಂಡಿ ಮಾಡಿದ್ಲು ಅಂತ ಬರೀಬೇಕಾಗ್ತದೆ."

ಆಮೇಲೆ ಇನ್ನೊಂದು ಕಾಯಿ ಎತ್ತಿಕೊಂಡಳು. ಕಿಟಕಿಯಿಂದ ಅಂಗಳದ ಕಡೆ ನೋಡಿ, ಯಾವುದೋ ಸಾಮಾನ್ಯ ವಿಷಯದಂತೆ ಹೇಳಿದಳು:

"ಮೊನ್ನೆ ಹೂಮಳೆ ಬಿತ್ತಲ್ಲ, ಬೆಳಿಗ್ಗೆ ಇವರು ಆ ಜಾರ್ ಹಿಡ್ಕಂಡು, ಒಂದು ಸೆಂಟು ಹೆಚ್ಚೋ ಕಮ್ಮಿಯೋ ಅಂತ ಬಗ್ಗಿ ಬಗ್ಗಿ ನೋಡ್ತಿದ್ರು. ನಾನು ಕಾಫಿ ಲೋಟ ಹಿಡ್ಕಂಡು ಅಲ್ಲೇ ನಿಂತಿದ್ದೆ. ಹನ್ನೊಂದು ವರ್ಷ ಆಯ್ತು ನೋಡು, ನೀನು ಹೆಂಗಿದ್ದೀ ಅಂತ ಇವರು ನನ್ನ ಮುಖಾನ ಒಂದ್ಸಲಾನೂ ಹಂಗೆ ಬಗ್ಗಿ ನೋಡಿದ್ದಿಲ್ಲ."

ಹೇಳಿದವಳೇ ಎದ್ದು ಹಲಸಿನ ಚೂರುಗಳನ್ನು ನೀರಿಗೆ ಹಾಕಿದಳು. ನಾನು ಒಬ್ಬ ತಮ್ಮನಾಗಿದ್ದರೆ ಆಗ ಏನಾದರೂ ಅನ್ನಬೇಕಿತ್ತು. ಎದ್ದು ಹೋಗಿ ಅವಳ ಪಕ್ಕ ನಿಲ್ಲಬಹುದಿತ್ತು. ನಾನು ಮಾಡಿದ್ದೇನೆಂದರೆ, ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೇಳಿ ನೇರ ಕೋಣೆಗೆ ಹೋಗಿ, ಒಂದು ಹಳೆಯ ಲಕೋಟೆಯ ಹಿಂದೆ ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡೆ. ಬರೆದದ್ದನ್ನು ಖುಷಿಯಿಂದ ಎರಡು ಸಲ ಓದಿಕೊಂಡೆ. ಆ ಖುಷಿಯನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಲಕೋಟೆ ನೋಡಿ ನಿರ್ದೇಶಕ ನನ್ನ ಬೆನ್ನು ತಟ್ಟಿದ. ಸಿನಿಮಾದ ಗಂಡನ ಕೈಗೂ ರೇನ್‌ಗೇಜ್ ಬಂತು. ಆ ಫ್ರೆಂಚ್ ಲೇಖಕನಿಗೆ ಇಂಥದ್ದು ಸಿಕ್ಕಿರಲಿಲ್ಲ ಎಂದು ನಾವಿಬ್ಬರೂ ಮಾತಾಡಿಕೊಂಡು ಬೀಗಿದೆವು. ಅಷ್ಟಕ್ಕೆ ನಿಲ್ಲಲಿಲ್ಲ. ಸಿನಿಮಾದ ಮನೆಗೆ ಒಂದು ಬಂಗಲೆ ಬೇಕಿತ್ತು, ಭಾವನದನ್ನೇ ಕೇಳಿದೆ. ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಅದಕ್ಕೆಂತ, ಮಾಡ್ಕಳಿ. ನಮ್ಮ ಹುಡುಗ ಬರೆದಿದ್ದು ಅಂದ್ಮೇಲೆ ಕೇಳೋದೇನು" ಅಂದರು. ನಟಿಗೆ ಉಡಲು ಸೀರೆ ಸಾಲದೆ ಬಂದಾಗ ಅಕ್ಕನ ಬೀರುವಿನಿಂದಲೇ ಆರು ಸೀರೆ ಹೋಯಿತು. ಅದರಲ್ಲಿ ಒಂದು ದೊಡ್ಡ ಚೌಕುಳಿಯ ಸೀರೆ, ಅಕ್ಕ ನಾಲ್ಕು ವರ್ಷದಿಂದ ಎಲ್ಲ ಮದುವೆಗಳಿಗೂ ಉಟ್ಟುಕೊಂಡು ಹೋಗುತ್ತಿದ್ದದ್ದು. ಸುತ್ತಿನ ಇಪ್ಪತ್ತು ತೋಟದವರಿಗೆ ಅದರ ಗುರುತಿತ್ತು. ನಮಗೆ ಅದು ಹೊಳೆಯಲೇ ಇಲ್ಲ.

ಮೇ ತಿಂಗಳಲ್ಲಿ ಶೂಟಿಂಗ್ ಆಯಿತು. ಭಾವ ಅಷ್ಟು ಉತ್ಸಾಹದಲ್ಲಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ. ಗಂಡನ ಪಾತ್ರದವನು ಬೆಂಗಳೂರಿನವನು, ಜಾರನ್ನು ಹಾಲಿನ ಲೋಟ ಹಿಡಿದ ಹಾಗೆ ಹಿಡಿದಿದ್ದ. ಭಾವ ತಡೆಯಲಾರದೆ ನಡುವೆ ಹೋದರು. "ಹಂಗಲ್ಲ ಸ್ವಾಮಿ, ಕಣ್ಣಿನ ಮಟ್ಟಕ್ಕೆ ಬರ್ಬೇಕು. ಸ್ವಲ್ಪ ಬಗ್ಗಿ. ಇನ್ನೂ ಬಗ್ಗಿ. ಉಸಿರು ಬಿಡಬಾರ್ದು" ಎಂದು ಕಲಿಸಿಕೊಟ್ಟರು. ಚೊಂಬಿನಲ್ಲಿ ನೀರು ಹೊಯ್ದು ರೇನ್‌ಗೇಜ್ ತುಂಬಿಸಿದ್ದನ್ನು ನೋಡಿ, "ಇಷ್ಟು ಹೊಯ್ದ್ರೆ ಐದು ಇಂಚಾಗ್ತದೆ ಮಾರಾಯ್ರೆ, ಐದು ಇಂಚು ಬಿದ್ರೆ ಹೂ ಉಳೀತದಾ?" ಎಂದು ಗೊಣಗಿ ತಾವೇ ಅಳೆದು ಅರ್ಧ ಚೆಲ್ಲಿದರು. ಅವರು ತಮ್ಮನ್ನೇ ಕಲಿಸಿಕೊಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

ಹೆಂಡತಿ ಆ ಮಾತಾಡುವ ದೃಶ್ಯವನ್ನು ಭಾವ ಚಿಕ್ಕಮಗಳೂರಿಗೆ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಕಡೆ ಹೋಗುವ ದಿನಕ್ಕೆ ಇಡಿಸಿದವನು ನಾನೇ. ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬೇರೆಯವರಿಗೆ ಹೇಳಿಕೊಂಡು ತಿರುಗಿದ್ದೇನೆ, ಇಲ್ಲಿ ಹೇಳಲಾರೆ. ಆದರೆ ಅಕ್ಕ ಮನೆಯಲ್ಲೇ ಇದ್ದಳು. ನಟಿ ಜಗಲಿಯ ಮೇಲೆ ನಿಂತು ಮಾತನ್ನು ಅಭ್ಯಾಸ ಮಾಡುತ್ತಿದ್ದಾಗ ಅಕ್ಕ ಎಲ್ಲರಿಗೂ ಕಾಫಿ ತಂದಳು. ಬಾಗಿಲಲ್ಲಿ ನಿಂತಳು. ತನ್ನ ಚೌಕುಳಿ ಸೀರೆ ಉಟ್ಟ ಬೇರೆ ಹೆಂಗಸೊಬ್ಬಳು, "ಹನ್ನೊಂದು ವರ್ಷ ಆಯ್ತು ನೋಡು" ಎಂದು ಒಮ್ಮೆ ಅಳುತ್ತ, ಒಮ್ಮೆ ಅಳದೆ, ಹೇಗೆ ಹೇಳಿದರೆ ಚೆನ್ನ ಎಂದು ನಿರ್ದೇಶಕನನ್ನು ಕೇಳುತ್ತಿದ್ದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ನಾನು ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ಅವಳು ಒಲೆಯ ಕಡೆ ತಿರುಗಿ ನಿಂತಿದ್ದಳು.

"ಅಕ್ಕಾ" ಅಂದೆ.

"ಅವರಿಗೆಲ್ಲ ಸಕ್ಕರೆ ಸಾಕಾಯ್ತಾ ಕೇಳು" ಅಂದಳು. ತಿರುಗಿ ನೋಡಲಿಲ್ಲ.

ಬೇಡ ಎಂದು ಅವಳು ಒಂದು ಮಾತು ಅಂದಿದ್ದರೆ ತೆಗೆಸುತ್ತಿದ್ದೆ ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡೆ. ತೆಗೆಸುತ್ತಿದ್ದೆನೋ ಇಲ್ಲವೋ. ಅವಳು ಬೇಡ ಅನ್ನಲಿಲ್ಲ, ನಾನು ಅದನ್ನೇ ಒಪ್ಪಿಗೆ ಮಾಡಿಕೊಂಡು ಹೊರಗೆ ಬಂದೆ. ಎರಡನೇ ಸಲಕ್ಕೇ ಶಾಟ್ ಓಕೆ ಆಯಿತು.

ಸಿನಿಮಾ ಬಂದದ್ದು ಮರುವರ್ಷ, ಮಳೆಗಾಲಕ್ಕೆ ಮೊದಲು. ಬೆಂಗಳೂರಿನಲ್ಲಿ ಹೇಗೋ ಒಂದೆರಡು ವಾರ ಓಡಿತು, ಮೂಡಿಗೆರೆಯಲ್ಲಿ ಮೂರು ದಿನ. ತೋಟಕ್ಕೆ ವಾರದ ರಜೆ ಇದ್ದ ದಿನ ಭಾವ ಎಲ್ಲರನ್ನೂ ಮ್ಯಾಟಿನಿಗೆ ಹೊರಡಿಸಿದರು. ಆಳುಗಳು ಲಾರಿಯಲ್ಲಿ, ರೈಟರ್ ಮತ್ತು ಮೇಸ್ತ್ರಿ ಮನೆಯವರು ಬಸ್ಸಿನಲ್ಲಿ, ನಾವು ಜೀಪಿನಲ್ಲಿ. ಸುತ್ತಿನ ತೋಟದವರೂ ಬಂದಿದ್ದರು. ಪರಿಚಯದ ಮನೆಯನ್ನು ಪರದೆಯ ಮೇಲೆ ನೋಡುವ ಆಸೆ ಯಾರಿಗಿಲ್ಲ. ಬಾರದೆ ಉಳಿಯಲು ಅಕ್ಕ ಏನೋ ನೆವ ಹೇಳಿದಳು, ಭಾವ ಕೇಳಲಿಲ್ಲ. "ನಿನ್ನ ತಮ್ಮ ಬರೆದಿದ್ದು, ನೀನೇ ಬರಲ್ಲ ಅಂದ್ರೆ ಹೆಂಗೆ" ಅಂದರು.

ಮೊದಲರ್ಧ ಗಂಟೆ ಜಾತ್ರೆ. "ಅಗಾ ನಮ್ಮ ಕಣ!" "ಅದು ನಮ್ಮ ಕರಿ ನಾಯಿ ಕಣ್ರೋ!" "ಅಮ್ಮಾರ ಸೀರೆ ನೋಡಿ, ಚೌಕುಳಿ ಸೀರೆ!" ಎಂದು ಕೆಳಗಿನಿಂದ ಕೂಗು. ನಟನ ಮುಖ ಯಾರೂ ನೋಡುತ್ತಿರಲಿಲ್ಲ. ಗಂಡ ಅಂಗಳಕ್ಕೆ ಬಂದು ಜಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಗ್ಗಿದಾಗ ಬಾಲ್ಕನಿಯಲ್ಲಿದ್ದ ಬೆಳೆಗಾರರೆಲ್ಲ ಹೋ ಎಂದು ನಕ್ಕರು. "ಎಷ್ಟು ಬಿತ್ತು ಮಾರಾಯಾ?" ಎಂದು ಒಬ್ಬರು ಪರದೆಯನ್ನೇ ಕೇಳಿದರು. ಭಾವನೂ ನಗುತ್ತಿದ್ದರು. ಅಷ್ಟರಲ್ಲಿ ಪರದೆಯ ಮೇಲೆ ಆ ಸೀರೆ ಉಟ್ಟವಳು ಆ ಮಾತಾಡಿದಳು.

ನಗು ಒಂದೇ ಸಲಕ್ಕೆ ನಿಂತಿತು. ಬಾಲ್ಕನಿಯಲ್ಲಿದ್ದ ಒಬ್ಬೊಬ್ಬ ಗಂಡಸೂ ಆವತ್ತು ಬೆಳಿಗ್ಗೆ ಎದ್ದು ತನ್ನ ರೇನ್‌ಗೇಜ್ ನೋಡಿ ಬಂದವನೇ. ಒಂದೆರಡು ಹೆಂಗಸರು ಸೆರಗು ಸರಿ ಮಾಡಿಕೊಂಡರು. ಆಮೇಲೆ ತಲೆಗಳು ಒಂದೊಂದಾಗಿ ನಮ್ಮ ಸಾಲಿನ ಕಡೆ ತಿರುಗಿದವು. ಮನೆ ಅಕ್ಕನದು, ಅಂಗಳ ಅಕ್ಕನದು, ಸೀರೆ ಅಕ್ಕನದು, ಬರೆದವನು ತಮ್ಮ. ಫ್ರಾನ್ಸ್ ದೇಶದ ಕಥೆ ಎಂದು ಪರದೆಯ ಮೇಲೆ ಮೊದಲೇ ಹಾಕಿದ್ದನ್ನು ಯಾರು ತಲೆಗೆ ಹಚ್ಚಿಕೊಳ್ಳುತ್ತಾರೆ. ಅಕ್ಕ ಪರದೆಯನ್ನೇ ನೋಡುತ್ತಾ ಕೂತಿದ್ದಳು. ಭಾವನೂ ಪರದೆಯನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ಆ ಹೆಂಗಸು ಸತ್ತಾಗ ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಹೊರಗೆ ಬಂದ ಮೇಲೆ ಭಾವ ಆಳುಗಳಿಗೆಲ್ಲ ಕಾಫಿ ತಿಂಡಿ ಆಯಿತಾ ಎಂದು ವಿಚಾರಿಸಿ ಲಾರಿ ಹತ್ತಿಸಿದರು.

ಆಮೇಲಿನ ದಿನಗಳಲ್ಲಿ ಭಾವನನ್ನು ಹೇಗೆ ಗೋಳು ಹೊಯ್ದುಕೊಂಡರು ಎಂಬುದು ನನ್ನ ಕಿವಿಗೂ ಬಂತು. ಕ್ಲಬ್ಬಿನಲ್ಲಿ, ಕ್ಯೂರಿಂಗ್ ವರ್ಕ್ಸಿನಲ್ಲಿ, ಕಳಸದ ಕಡೆ ಹೋದರೆ ಜೀಪು ನಿಲ್ಲಿಸಿದ ಗ್ಯಾರೇಜಿನಲ್ಲಿ ಕೂಡ, "ಏನು ಗೌಡ್ರೆ, ಇವತ್ತು ಮನೆಯವರನ್ನ ಬಗ್ಗಿ ನೋಡಿದ್ರಾ?" ಎಂದು ಕೇಳುವುದು ಒಂದು ಚಾಳಿಯಾಯಿತು. ಭಾವ ನಕ್ಕು ಸುಮ್ಮನಾಗುತ್ತಿದ್ದರಂತೆ. ಕೋಪಿಸಿಕೊಂಡು ಯಾರ ಮೇಲಾದರೂ ಕೈ ಎತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಜೂನ್ ಮೊದಲ ವಾರ ಭಾವ ನನ್ನ ಬಾಡಿಗೆ ಮನೆಗೆ ಬಂದರು. ಅವರು ಒಬ್ಬರೇ ಬಂದದ್ದು ಅದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ನನ್ನ ಪುಸ್ತಕದ ಕಪಾಟನ್ನು ನೋಡುತ್ತಾ ಇದ್ದರು.

"ಆ ಮಾತು," ಅಂದರು. "ಸಿನಿಮಾದಲ್ಲಿ ಅವಳು ಹೇಳ್ತಾಳಲ್ಲ. ಅದು ಆ ಪುಸ್ತಕದಲ್ಲಿ ಇರೋದೇನಾ?"

ನಿಜ ಹೇಳಲು ಸಿಕ್ಕಿದ್ದು ಅದೊಂದೇ ಸಲ. "ಹೌದು ಭಾವ," ಅಂದೆ. "ಅದರಲ್ಲೂ ಗಂಡ ಏನೋ ಅಳೀತಾನೆ. ನಾನು ಅದನ್ನ ರೇನ್‌ಗೇಜ್ ಮಾಡಿದೆ, ಅಷ್ಟೆ."

ಭಾವನ ಮುಖ ಅಷ್ಟು ಹಗುರವಾದದ್ದನ್ನು ನಾನು ಕಂಡದ್ದಿಲ್ಲ. ದೊಡ್ಡ ಉಸಿರು ಬಿಟ್ಟರು. "ನಾನು ಅಂದ್ಕಂಡೆ ನೋಡು..." ಎನ್ನುತ್ತ ಎದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಪುಸ್ತಕ ಇದ್ರೆ ಕೊಡು ಮಾರಾಯ. ಮಳೆಗಾಲದಾಗೆ ಓದ್ತೀನಿ" ಅಂದರು. ಇಲ್ಲ ಎನ್ನುವಂತಿರಲಿಲ್ಲ, ಪುಸ್ತಕ ಮೇಜಿನ ಮೇಲೇ ಇತ್ತು. ಸಣ್ಣಕ್ಷರದ ಅಷ್ಟು ದಪ್ಪ ಇಂಗ್ಲಿಷ್ ಪುಸ್ತಕವನ್ನು ಇವರು ಹತ್ತು ಪುಟ ಓದಿದರೆ ಹೆಚ್ಚು ಎಂದುಕೊಂಡು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಭಾವನನ್ನು ನಾನು ಯಾವಾಗಲೂ ಹಾಗೇ ಅಳೆಯುತ್ತಿದ್ದದ್ದು.

ಆ ಮಳೆಗಾಲ ನಾನು ಬಾಳೂರಿಗೆ ಹೋಗಲಿಲ್ಲ. ಪರೀಕ್ಷೆ, ಜ್ವರ, ರಸ್ತೆ ಸರಿಯಿಲ್ಲ, ಹೀಗೆ ಒಂದೊಂದು ತಿಂಗಳು ಒಂದೊಂದು ನೆವ. ಸೆಪ್ಟೆಂಬರ್ ಕೊನೆಗೆ ಭಾವನೇ ಬಂದರು. ಪುಸ್ತಕಕ್ಕೆ ಹೊಸ ಕಂದು ಕಾಗದದ ರಟ್ಟು ಹಾಕಿದ್ದರು. ತೆಗೆದು ನೋಡಿದೆ. ಮೊದಲ ಪುಟದಿಂದ ಕೊನೆಯ ಪುಟದ ತನಕ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಕನ್ನಡದಲ್ಲಿ ಅರ್ಥ ಬರೆದಿದ್ದರು. ಮಗಳ ಶಾಲೆಯ ಡಿಕ್ಷನರಿ ಇಟ್ಟುಕೊಂಡು ಓದಿದರಂತೆ. ಎಲ್ಲೆಲ್ಲಿ ಗಜ, ಮೈಲಿ, ತೂಕ ಎಂದು ಬಂದಿದೆಯೋ ಅಲ್ಲೆಲ್ಲ ಕೆಳಗೆ ಗೆರೆ ಎಳೆದಿದ್ದರು.

"ಪೂರಾ ಓದಿದೆ," ಅಂದರು. "ಮೂರು ತಿಂಗಳಾಯ್ತು. ಅದರಲ್ಲಿ ಆ ಗಂಡ ಏನನ್ನೂ ಅಳೆಯಲ್ಲ ಕಣೋ."

ನಾನು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟೆ.

"ಹನ್ನೊಂದು ವರ್ಷ ಅಂತಲೂ ಎಲ್ಲೂ ಇಲ್ಲ. ಶೂಟಿಂಗ್ ಆದ ವರ್ಷ ನಮ್ಮ ಮದುವೆಯಾಗಿ ಹನ್ನೊಂದೇ ಆಗಿತ್ತು." ಪುಸ್ತಕದ ರಟ್ಟು ಸವರಿ, "ಪಾಪ, ಒಳ್ಳೇವ್ನೇ ಆ ಗಂಡ. ಅವನಿಗೆ ಕೊನೇವರೆಗೂ ಗೊತ್ತೇ ಆಗಲ್ಲ" ಅಂದರು.

"ಭಾವ, ಅದು ನಾನು..." ಎಂದು ಶುರು ಮಾಡಿದೆ.

"ಬೇಡ ಬಿಡು ಮಾರಾಯ," ಅಂದರು. "ನಿನ್ನ ಹತ್ರಾದ್ರೂ ಹೇಳ್ಕಂಡಿದ್ಲಲ್ಲ." ಚಪ್ಪಲಿ ಮೆಟ್ಟಿಕೊಂಡು ಜೀಪಿನ ಕಡೆ ನಡೆದರು. ಕಾಫಿ ಕುಡಿದು ಹೋಗಿ ಎಂದು ನಾನು ಕರೆಯಲೂ ಇಲ್ಲ.

ಡಿಸೆಂಬರಿನಲ್ಲಿ, ಕಾಫಿ ಕೊಯ್ಲು ನಡೆಯುತ್ತಿದ್ದಾಗ, ಧೈರ್ಯ ಮಾಡಿ ಬಾಳೂರಿಗೆ ಹೋದೆ. ಎಂದಿನಂತೆ ನಾಲ್ಕು ಕಾದಂಬರಿ ಒಯ್ದಿದ್ದೆ. ಅಕ್ಕ ಅವನ್ನು ಇಸಿದುಕೊಂಡು ಮೇಜಿನ ಮೇಲಿಟ್ಟಳು, ಹೆಸರು ಕೂಡ ನೋಡಲಿಲ್ಲ. ಊಟ ಬಡಿಸಿದಳು, ಹಾಸಿಗೆ ಹಾಸಿದಳು, ಮಗಳ ಓದಿನ ವಿಷಯ ಹೇಳಿದಳು. ಯಾರ ದನಿಯಲ್ಲೂ ಮಾತಾಡಿ ತೋರಿಸಲಿಲ್ಲ. ನಾನೇ ರೈಟರ್ ಸುದ್ದಿ ತೆಗೆದರೆ, "ಇದ್ದಾನೆ, ಅವನಿಗೆಂತ" ಅಂದು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ತಿಂಡಿಗೆ ಕೂತಿದ್ದೆ. ಭಾವ ತೋಟದಿಂದ ಬಂದು ಕೈಕಾಲು ತೊಳೆದು, ತಮ್ಮ ಜಾಗಕ್ಕೆ ಹೋಗದೆ ಅಕ್ಕನ ಎದುರಿಗೆ ಬಂದು ನಿಂತರು. ಅವಳು ಕಾವಲಿಯ ಮೇಲೆ ರೊಟ್ಟಿ ಹಾಕುತ್ತಿದ್ದಳು. ಭಾವ ಸ್ವಲ್ಪ ಬಗ್ಗಿ ಅವಳ ಮುಖ ನೋಡಿದರು. ಹತ್ತು ಜನರೆದುರು ಭಾಷಣಕ್ಕೆ ನಿಂತವರ ಹಾಗೆ ಅವರ ಕಿವಿ ಕೆಂಪಾಗಿತ್ತು.

"ಹೆಂಗಿದ್ದೀ?" ಅಂದರು.

"ಚೆನ್ನಾಗಿದ್ದೀನಿ" ಅಂದಳು ಅಕ್ಕ.

ಭಾವ ತಲೆಯಾಡಿಸಿ ಬಂದು ಕೂತರು. ಎರಡು ರೊಟ್ಟಿ ತಿಂದರು, ಕೊಯ್ಲಿಗೆ ಆಳು ಸಾಲದು ಎಂದು ನನ್ನ ಹತ್ತಿರ ಹೇಳಿದರು, ಎದ್ದು ಕಣದ ಕಡೆ ಹೋದರು. ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಹಾಳಾದ ಸಿನಿಮಾದಿಂದ ಇದೊಂದಾದರೂ ಒಳ್ಳೆಯದಾಯಿತಲ್ಲ ಎನ್ನಿಸಿತು. ಅದನ್ನೇ ಅಕ್ಕನಿಗೆ ಹೇಳಿಯೂ ಬಿಟ್ಟೆ.

"ಭಾವ ಈಗ ಕೇಳ್ತಾರಲ್ಲಕ್ಕಾ."

ಅಕ್ಕ ಕಾವಲಿ ಇಳಿಸಿ, ಕೈ ಒರೆಸಿಕೊಂಡು, ನನ್ನ ಎದುರು ಕೂತಳು. ಸಿಟ್ಟಿರಲಿಲ್ಲ. ತುಂಬ ದಣಿದಿದ್ದಳು.

"ದಿನಾ ಕೇಳ್ತಾರೆ," ಅಂದಳು. "ಅದನ್ನ ಕೇಳಿಸ್ಕಳೋಕೆ ಎಷ್ಟು ವರ್ಷ ಕಾದಿದ್ದೆ ಗೊತ್ತಾ? ಈಗ ಊರೋರ ಬಾಯಿಗೆ ಹೆದ್ರಿ ಕೇಳ್ತಾರೋ, ನಂಗೋಸ್ಕರ ಕೇಳ್ತಾರೋ, ಅವರಿಗೇ ಗೊತ್ತಿಲ್ಲ. ಪಾಪ, ಬೆಳಿಗ್ಗೆ ಎದ್ದು ಪಾಠ ಒಪ್ಪಿಸ್ದಂಗೆ ಬಂದು ನಿಲ್ತಾರೆ. ಏನಂತ ಹೇಳ್ಲಿ? ಚೆನ್ನಾಗಿಲ್ಲ ಅಂದ್ರೆ ಆ ಮುಖ ನೋಡೋಕಾಗಲ್ಲ. ಕೇಳದೇ ಇದ್ದಾಗ ನಾನು ಸುಮ್ನಿದ್ದೆ, ಅಷ್ಟೆ. ಈಗ ದಿನಾ ಸುಳ್ಳು ಹೇಳ್ಬೇಕು ಕಣೋ."

ಅದು ಅಕ್ಕ ನನ್ನೊಡನೆ ಮನಸ್ಸು ಬಿಚ್ಚಿ ಆಡಿದ ಕೊನೆಯ ಮಾತು. ಎಂಬತ್ತರ ದಶಕವಿಡೀ ನಾನು ಬಾಳೂರಿಗೆ ಹೋಗುತ್ತಲೇ ಇದ್ದೆ, ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು, ಮಕ್ಕಳನ್ನು ಕರೆದುಕೊಂಡು. ಪ್ರತಿ ಸಲವೂ ಯಾರೂ ಇಲ್ಲದ ಹೊತ್ತು ನೋಡಿ ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತು, "ಹೆಂಗಿದ್ದೀಯಕ್ಕಾ?" ಎಂದು ಕೇಳುತ್ತಿದ್ದೆ. ಅಕ್ಕ ಕೆಲಸ ನಿಲ್ಲಿಸಿ, ನನ್ನ ಕಡೆ ತಿರುಗಿ, ಭಾವನಿಗೆ ಹೇಳುವ ದನಿಯಲ್ಲೇ, "ಚೆನ್ನಾಗಿದ್ದೀನಿ" ಎನ್ನುತ್ತಿದ್ದಳು.